ನೀರಿನಲ್ಲಿ ಬರೆದ ‘ಕ’

ಪ್ರೀತಿಯ ಗೆಳೆಯಾ,

ಬೀಜಿಂಗಿಗೆ ಬಂದು ಐದು ವಾರವಾಯಿತು. ಫೋನಿನಲ್ಲಿ ನೀನು ಪ್ರತಿಸಲ ಕೇಳುವುದು ಒಂದೇ ಪ್ರಶ್ನೆ: “ಮಹಾಗೋಡೆ ನೋಡಿದ್ಯಾ?” ನೋಡಿದೆ ಕಣೋ. ಆದರೆ ಇವತ್ತು ಕೂತು ಇಷ್ಟುದ್ದ ಬರೆಯುತ್ತಿರುವುದು ಗೋಡೆಯ ಬಗ್ಗೆ ಅಲ್ಲ. ಈ ಊರಿನ ಪಾರ್ಕುಗಳ ಬಗ್ಗೆ. ಅದರಲ್ಲೂ ಒಂದು ಪಾರ್ಕಿನಲ್ಲಿ ಕಳೆದ ಭಾನುವಾರ ನಡೆದದ್ದನ್ನು ನಿನಗೆ ಹೇಳದೆ ಇರಲು ಆಗುತ್ತಿಲ್ಲ. ಕೊನೆಯಲ್ಲಿ ನಿನ್ನಿಂದ, ಸರಿಯಾಗಿ ಹೇಳಬೇಕೆಂದರೆ ನಿನ್ನ ಅಪ್ಪನಿಂದ, ಒಂದು ಕೆಲಸವೂ ಆಗಬೇಕು.

ಮೊದಲ ಭಾನುವಾರ ಎಲ್ಲರಂತೆ ನಾನೂ ನಿಷೇಧಿತ ನಗರಕ್ಕೆ, ಅಂದರೆ ಹಿಂದಿನ ದೊರೆಗಳ ಅರಮನೆಗೆ, ಹೋದೆ. ಹಳದಿ ಹಂಚು, ಕೆಂಪು ಗೋಡೆ, ಒಂದು ಅಂಗಳ ದಾಟಿದರೆ ಇನ್ನೊಂದು ಅಂಗಳ. ಜನರ ಹಿಂದೆ ಜನ. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತು ಉತ್ತರದ ಬಾಗಿಲಿನಿಂದ ಹೊರಬಿದ್ದೆ. ಎದುರಿಗೇ ಒಂದು ಗುಡ್ಡ. ಚಿಂಗ್‌ಶಾನ್ ಪಾರ್ಕ್. ಟಿಕೆಟ್ ಎರಡೇ ಯುವಾನ್. ಆ ಗುಡ್ಡ ದೇವರು ಕೊಟ್ಟದ್ದಲ್ಲ, ಮನುಷ್ಯರು ಒಟ್ಟಿದ್ದು. ಮಿಂಗ್ ದೊರೆಗಳು ಅರಮನೆಯ ಸುತ್ತ ಕಂದಕ ತೋಡಿಸಿದಾಗ ಬಂದ ಮಣ್ಣನ್ನು ಬೆನ್ನಿಗೊಂದು ಬೆಟ್ಟ ಇರಲಿ ಎಂದು ಇಲ್ಲಿ ಸುರಿಸಿದರಂತೆ. ಮನೆಯ ಹಿಂದೆ ಬೆಟ್ಟ, ಮುಂದೆ ನೀರು ಇದ್ದರೆ ಶುಭ ಎನ್ನುವುದು ಇವರ ವಾಸ್ತು. ಎತ್ತರ ಸುಮಾರು 45 ಮೀಟರ್, ಹತ್ತು ನಿಮಿಷದಲ್ಲಿ ಹತ್ತಬಹುದು. ಮೇಲಿನ ಮಂಟಪದಲ್ಲಿ ನಿಂತು ದಕ್ಷಿಣಕ್ಕೆ ತಿರುಗಿದರೆ, ಬೆಳಗ್ಗೆಯಿಂದ ಒಳಗೆ ಅಲೆದಾಡಿದರೂ ಅರ್ಥವಾಗದ ಅರಮನೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಸೂರಿನ ಹಿಂದೆ ಸೂರು, ಒಂದೇ ಸಾಲಿನಲ್ಲಿ, ದಾರ ಹಿಡಿದು ಜೋಡಿಸಿದ ಹಾಗೆ. ನೀನು ಎಂದಾದರೂ ಬಂದರೆ ಮೊದಲು ಗುಡ್ಡ ಹತ್ತು, ಆಮೇಲೆ ಅರಮನೆಗೆ ಹೋಗು.

ಅದೇ ಗುಡ್ಡದ ಪೂರ್ವದ ಇಳಿಜಾರಿನಲ್ಲಿ ಒಂದು ಮರವಿದೆ. 1644ರಲ್ಲಿ ಬಂಡಾಯಗಾರರು ರಾಜಧಾನಿಗೆ ನುಗ್ಗಿದಾಗ ಮಿಂಗ್ ವಂಶದ ಕೊನೆಯ ದೊರೆ ಚೊಂಗ್‌ಚನ್ ಅರಮನೆ ಬಿಟ್ಟು ಇಲ್ಲಿಗೆ ಬಂದು ನೇಣು ಹಾಕಿಕೊಂಡ. ಈಗಿರುವುದು ಆ ಮರವಲ್ಲ, ಅದೇ ಜಾಗದಲ್ಲಿ ಆಮೇಲೆ ನೆಟ್ಟದ್ದು. ನಾನು ಫಲಕದ ಮುಂದೆ ಸುಮ್ಮನೆ ನಿಂತಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಹಾಡು ಕೇಳಿಸಿತು. ಹೋಗಿ ನೋಡಿದರೆ ಅರವತ್ತು ಎಪ್ಪತ್ತು ಮಂದಿ, ಬಹುತೇಕ ನಮ್ಮ ಅಪ್ಪ ಅಮ್ಮನ ವಯಸ್ಸಿನವರು, ಮರಗಳ ಕೆಳಗೆ ನಿಂತು ಗಂಟಲು ಬಿಚ್ಚಿ ಹಾಡುತ್ತಿದ್ದಾರೆ. ಒಬ್ಬರು ಅಕಾರ್ಡಿಯನ್ ನುಡಿಸುತ್ತಿದ್ದಾರೆ, ಇನ್ನೊಬ್ಬರು ಕೈ ಬೀಸಿ ತಾಳ ತೋರಿಸುತ್ತಿದ್ದಾರೆ. ಕಾರ್ಯಕ್ರಮವಲ್ಲ, ವೇದಿಕೆಯಿಲ್ಲ, ಕೇಳುವವರಿಗೆಂದು ಹಾಡುತ್ತಿದ್ದಾರೆ ಅಂತಲೂ ಅಲ್ಲ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ತಮ್ಮ ಹಾಡಿನ ಹಾಳೆಯನ್ನು ನನ್ನ ಕಡೆಗೂ ವಾಲಿಸಿ ಹಿಡಿದರು. ನನಗೆ ಒಂದಕ್ಷರ ಓದಲು ಬರುವುದಿಲ್ಲ ಎನ್ನುವುದು ಅವರಿಗೆ ತಿಳಿಯದ ವಿಷಯವೇನಲ್ಲ. ಆದರೂ ಹಿಡಿದರು. ನಾನು ಹಾಡು ಮುಗಿಯುವವರೆಗೂ ಆ ಹಾಳೆ ನೋಡುತ್ತಾ ನಿಂತೆ.

ಅವತ್ತೇ ತೀರ್ಮಾನಿಸಿದೆ. ಉಳಿದ ಭಾನುವಾರಗಳೆಲ್ಲ ಪಾರ್ಕಿಗೇ ಎಂದು.

ಎರಡನೆಯ ವಾರ ಬೇಸಿಗೆ ಅರಮನೆಗೆ ಹೋದೆ, ಊರಿನ ವಾಯವ್ಯಕ್ಕಿದೆ. ಹೆಸರಿಗೆ ಅರಮನೆ, ಅದರ ಮುಕ್ಕಾಲು ಪಾಲು ಕೆರೆ. ಚಿಯೆನ್‌ಲೊಂಗ್ ದೊರೆ 1750ರಲ್ಲಿ ತಾಯಿಯ ಅರವತ್ತರ ನೆಪದಲ್ಲಿ ಕಟ್ಟಿಸಲು ಶುರುಮಾಡಿದ್ದು, 1860ರಲ್ಲಿ ಇಂಗ್ಲಿಷರು ಮತ್ತು ಫ್ರೆಂಚರ ಸೇನೆ ಸುಟ್ಟಿತು, ಮುಂದೆ ರಾಜಮಾತೆ ತ್ಸಿಶಿ ಮತ್ತೆ ಕಟ್ಟಿಸಿದಳು. ಕೆರೆಯ ದಂಡೆಯಲ್ಲಿ 728 ಮೀಟರ್ ಉದ್ದದ ಪಡಸಾಲೆ ಇದೆ. ಅದರ ತೊಲೆಗಳ ಮೇಲೆ ಸಾವಿರಾರು ಚಿತ್ರಗಳು, ಹದಿನಾಲ್ಕು ಸಾವಿರಕ್ಕೂ ಹೆಚ್ಚು ಎನ್ನುತ್ತಾರೆ. ಕತ್ತು ನೋಯುವವರೆಗೆ ನೋಡಿದೆ. ಒಂದು ಕಡೆ ಕೋತಿ, ಹಂದಿ ಮತ್ತು ಕುದುರೆಯ ಮೇಲೊಬ್ಬ ಸನ್ಯಾಸಿ! ಯಾರೆಂದುಕೊಂಡೆ? ಆರನೆಯ ಕ್ಲಾಸಿನಲ್ಲಿ ನಾವು ಉರು ಹೊಡೆದ ಹ್ಯೂಯೆನ್ ತ್ಸಾಂಗ್ ಮಾರಾಯ. ಇಮ್ಮಡಿ ಪುಲಿಕೇಶಿಯ ನಾಡಿಗೆ ಬಂದು, ಇಲ್ಲಿನ ಜನ ಉಪಕಾರ ಮರೆಯುವುದಿಲ್ಲ, ಅಪಕಾರಕ್ಕೆ ಸೇಡು ಬಿಡುವುದಿಲ್ಲ ಎಂಬರ್ಥದ ಮಾತು ಬರೆದಿಟ್ಟವನು. ಅವನ ಯಾತ್ರೆ ಇಲ್ಲಿ ಕಥೆಯಾಗಿ ಬೆಳೆದು ಬೆಳೆದು, ಅವನಿಗೊಬ್ಬ ವಾನರ ಶಿಷ್ಯನೂ ಹುಟ್ಟಿಕೊಂಡು, ಈಗ ಮಕ್ಕಳು ಬೆರಳು ತೋರಿಸಿ ಗುರುತಿಸುವುದು ಆ ಕೋತಿಯನ್ನೇ. ನಾನು ಮಾತ್ರ ಸನ್ಯಾಸಿಯನ್ನು ನೋಡುತ್ತಿದ್ದೆ. ಅಷ್ಟು ದೂರ ನಡೆದು ನಮ್ಮ ಕಡೆಗೆ ಬಂದಿದ್ದವನು. ದೂರದ ನೆಂಟ ಸಿಕ್ಕಿದ ಹಾಗಾಯಿತು.

ಬೈಹೈ ಪಾರ್ಕಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಬಿಳಿಯ ಸ್ತೂಪ, ಕೆರೆಯ ತುಂಬ ದೋಣಿ, ಚೆನ್ನಾಗಿದೆ. ಆದರೆ ನಾನು ಹೋದ ದಿನ ಮಳೆ, ಹೆಚ್ಚು ಹೊತ್ತು ಇರಲಾಗಲಿಲ್ಲ.

ಈಗ ತಿಯೆನ್‌ತಾನ್‌ಗೆ ಬರುತ್ತೇನೆ. ಸ್ವರ್ಗ ದೇವಾಲಯ ಎನ್ನುತ್ತಾರಲ್ಲ, ಅದು. ಮೂರು ಭಾನುವಾರ ಅಲ್ಲಿಗೇ ಹೋಗಿದ್ದೇನೆ. ಐದನೇ ನಂಬರಿನ ಮೆಟ್ರೋ ಹತ್ತಿದರೆ ಪೂರ್ವ ಬಾಗಿಲಿಗೇ ಇಳಿಸುತ್ತದೆ. ಯೊಂಗ್‌ಲೆ ದೊರೆಯ ಕಾಲದಲ್ಲಿ, 1420ರಲ್ಲಿ, ಅರಮನೆಯ ಜೊತೆಜೊತೆಗೇ ಕಟ್ಟಿ ಮುಗಿಸಿದ್ದು. ಪೂರ್ತಿ ಆವರಣ 273 ಹೆಕ್ಟೇರ್, ನಿಷೇಧಿತ ನಗರದ ಮೂರು ಪಟ್ಟಿಗೂ ಹೆಚ್ಚು. ದೊರೆ ಆಕಾಶದ ಮಗ, ಮಗನ ಮನೆ ಅಪ್ಪನ ಮನೆಗಿಂತ ದೊಡ್ಡದಿರಬಾರದು ಎನ್ನುತ್ತಾರೆ. ನನಗೆ ಆ ಮಾತು ತುಂಬ ಹಿಡಿಸಿತು.

ನಡುವಿನ ಗುಡಿ ದುಂಡಗಿದೆ, ಮೂರು ಅಂತಸ್ತಿನ ಸೂರು, ಕಡುನೀಲಿ ಹಂಚು, 38 ಮೀಟರ್ ಎತ್ತರ. ಒಳಗೆ 28 ಮರದ ಕಂಬಗಳು. ನಡುವಿನ ನಾಲ್ಕು ಋತುಗಳಿಗೆ, ಅದರ ಸುತ್ತಿನ ಹನ್ನೆರಡು ತಿಂಗಳುಗಳಿಗೆ, ಹೊರಗಿನ ಹನ್ನೆರಡು ದಿನದ ಹನ್ನೆರಡು ಜಾವಗಳಿಗೆ. ದೊರೆ ಇಲ್ಲಿ ಬೇಡುತ್ತಿದ್ದುದು ಒಳ್ಳೆಯ ಬೆಳೆಯನ್ನು. 1889ರಲ್ಲಿ ಸಿಡಿಲು ಬಡಿದು ಗುಡಿ ಸುಟ್ಟುಹೋಯಿತು, ಈಗ ಕಾಣುವುದು ಆಮೇಲೆ ಹಳೆಯ ಮಾದರಿಯಲ್ಲೇ ಎಬ್ಬಿಸಿದ್ದು. ದಕ್ಷಿಣಕ್ಕೆ ಇನ್ನೊಂದು ಬಯಲು ವೇದಿಕೆಯಿದೆ, ಸೂರಿಲ್ಲದ್ದು, ಬಿಳಿಕಲ್ಲಿನದು. ಚಳಿಗಾಲದ ಅತಿ ಉದ್ದದ ರಾತ್ರಿ ಕಳೆದು ದಿನ ತಿರುಗುವ ಹೊತ್ತಿಗೆ ದೊರೆ ಉಪವಾಸ ಮುಗಿಸಿ ಅಲ್ಲಿ ಆಕಾಶಕ್ಕೆ ಬಲಿ ಅರ್ಪಿಸುತ್ತಿದ್ದ. ಮೇಲಿನ ಹಂತದ ನಡುವೆ ಒಂದು ದುಂಡುಕಲ್ಲು, ಸುತ್ತ ಒಂಬತ್ತು ಕಲ್ಲು, ಅದರ ಸುತ್ತ ಹದಿನೆಂಟು, ಹೀಗೆ ಒಂಬತ್ತನೆಯ ಸುತ್ತಿಗೆ 81. ನಾನು ಮೂರು ಸುತ್ತು ಎಣಿಸಿದೆ, ಸರಿಯಾಗಿತ್ತು.

ಸಾಮಾನ್ಯ ಜನ ಇದರೊಳಗೆ ಕಾಲಿಡುವ ಹಾಗಿರಲಿಲ್ಲ. 1918ರಲ್ಲಿ ಪಾರ್ಕ್ ಮಾಡಿ ಬಾಗಿಲು ತೆರೆದರು. ಈಗ ಬೆಳಗ್ಗೆ ಏಳಕ್ಕೆ ಹೋಗಿ ನೋಡಬೇಕು ನೀನು! ಎಪ್ಪತ್ತು ದಾಟಿದ ಅಜ್ಜ ಜೋಡಿಕಂಬಿ ಹಿಡಿದು ಲಾಗ ಹಾಕುತ್ತಾನೆ. ನಾಲ್ಕೈದು ಹೆಂಗಸರು ವೃತ್ತ ಕಟ್ಟಿ ಗರಿಚೆಂಡನ್ನು ನೆಲಕ್ಕೆ ಬೀಳದಂತೆ ಕಾಲಿನಲ್ಲೇ ಒದೆಯುತ್ತಾರೆ, ಒಬ್ಬಾಕೆ ಹಿಮ್ಮಡಿಯಿಂದ. ಬಲಿಯ ಸಾಮಗ್ರಿಯನ್ನು ಅಡುಗೆಮನೆಯಿಂದ ಗುಡಿಗೆ ಒಯ್ಯಲೆಂದು ಕಟ್ಟಿದ 72 ಅಂಕಣದ ಪಡಸಾಲೆಯ ಆಸುಪಾಸಿನಲ್ಲಿ ಇಸ್ಪೀಟು, ಚದುರಂಗ, ಹೆಣಿಗೆ. ಐನೂರು ವರ್ಷ ದಾಟಿದ ಸೈಪ್ರೆಸ್ ಮರಗಳ ಕೆಳಗೆ ಸದ್ದಿಲ್ಲದೆ ತಾಯ್‌ಚಿ. ಇನ್ನೊಂದು ಮೂಲೆಯಲ್ಲಿ ಅಪ್ಪ ಅಮ್ಮಂದಿರು ಹಾಳೆಗಳನ್ನು ಹರವಿಕೊಂಡು ಕೂತಿರುತ್ತಾರೆ: ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಮನೆ ಇದೆಯೋ ಇಲ್ಲವೋ. ಮಕ್ಕಳಿಗೆ ಸಂಬಂಧ ಹುಡುಕುತ್ತಿರುವುದು. ಅವರ ಮುಖದ ಆತಂಕವನ್ನು ನನಗೆ ಯಾರೂ ಅನುವಾದಿಸಿ ಹೇಳಬೇಕಾಗಲಿಲ್ಲ. ನಿನ್ನ ಅಕ್ಕನ ಜಾತಕ ಹಿಡಿದು ನಿಮ್ಮ ಅಮ್ಮ ಅಲೆದ ಎರಡು ವರ್ಷ ನನಗೆ ಚೆನ್ನಾಗಿ ನೆನಪಿದೆ.

ಕಳೆದ ಭಾನುವಾರ ಚಳಿ ಜೋರಾಗಿತ್ತು. ಗಿಂಕೊ ಮರಗಳೆಲ್ಲ ಹಳದಿಗೆ ತಿರುಗಿವೆ. ಕಲ್ಲುಚಪ್ಪಡಿ ಹಾಸಿದ ದಾರಿಯಲ್ಲಿ ಒಬ್ಬ ಅಜ್ಜ, ಪೊರಕೆಯಷ್ಟು ಉದ್ದದ ಕುಂಚ, ತುದಿಗೆ ಸ್ಪಂಜು. ಬಕೆಟ್ಟಿನ ನೀರಿನಲ್ಲಿ ಅದ್ದಿ, ಒಂದು ಚಪ್ಪಡಿಗೆ ಒಂದು ಅಕ್ಷರದಂತೆ ಬರೆಯುತ್ತಿದ್ದರು. ಇದಕ್ಕೆ ‘ದಿಶು’ ಅನ್ನುತ್ತಾರೆ, ನೆಲದ ಬರಹ. ಸಾಲು ಮುಗಿಯುವಷ್ಟರಲ್ಲಿ ಮೊದಲಿನ ಅಕ್ಷರಗಳು ಮಾಸಲು ಶುರು. ಅವರು ಒಂದೇ ಅಕ್ಷರವನ್ನು ಮತ್ತೆ ಮತ್ತೆ ಬರೆಯುತ್ತಿದ್ದುದನ್ನು ನೋಡಿ ಫೋಟೋ ತೆಗೆದುಕೊಂಡೆ. ಮಾರನೆಯ ದಿನ ಆಫೀಸಿನ ಹುಡುಗಿ ಹೇಳಿದಳು: ಅದು ‘ಯೊಂಗ್’. ಚೀನೀ ಬರವಣಿಗೆಯ ಎಂಟು ಮೂಲ ಗೆರೆಗಳೂ ಆ ಒಂದೇ ಅಕ್ಷರದಲ್ಲಿವೆ, ಅದಕ್ಕೇ ಕೈ ಪಳಗಿಸಲು ಅದನ್ನು ಬರೆಸುತ್ತಾರೆ. ಅರ್ಥ, ಸದಾಕಾಲ. ಗುಡಿ ಕಟ್ಟಿಸಿದ ಯೊಂಗ್‌ಲೆಯ ಹೆಸರಿನಲ್ಲಿರುವುದೂ ಅದೇ ಅಕ್ಷರ.

ನಾನು ಬಹಳ ಹೊತ್ತು ನಿಂತದ್ದನ್ನು ಕಂಡು ಅಜ್ಜ ಕುಂಚವನ್ನು ನನ್ನ ಕಡೆ ಚಾಚಿದರು. “ಯಿಂದು?” ಎಂದು ಕೇಳಿದರು, ಅಂದರೆ ಇಂಡಿಯಾ. ಹೌದೆಂದೆ. ಬರೆ ಎಂದು ಸನ್ನೆ ಮಾಡಿದರು. ಕೈ ನಡುಗಿತು ಕಣೋ. ‘ಕನ್ನಡ’ ಎಂದು ಬರೆದೆ. ಕ ಒಂದು ಚಪ್ಪಡಿ, ನ್ನ ಒಂದು ಚಪ್ಪಡಿ, ಡ ಒಂದು. ಅಜ್ಜ ಬಗ್ಗಿ ನೋಡಿದರು. ನಮ್ಮ ಅಕ್ಷರಗಳು ಅಷ್ಟು ದುಂಡಗಿವೆ ಎಂದು ನನಗೂ ಅವತ್ತೇ ಕಂಡದ್ದು. ಅವರ ಬೆರಳು ನ ಅಕ್ಷರದ ಒತ್ತಿನ ಮೇಲೆ ನಿಂತಿತು. ಅದು ತನ್ನ ಚಪ್ಪಡಿ ದಾಟಿ ಕೆಳಗಿನ ಚಪ್ಪಡಿಗೆ ಇಳಿದಿತ್ತು! ಅವರ ಲೆಕ್ಕದಲ್ಲಿ ಅಕ್ಷರ ತನ್ನ ಚೌಕದೊಳಗೇ ಇರಬೇಕು. ಇಲ್ಲ, ಇದು ಹೀಗೆಯೇ, ಮೇಲಿನದಕ್ಕೆ ಅಂಟಿಕೊಂಡದ್ದು ಎಂದು ಕೈಬೆರಳುಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ತೋರಿಸಿದೆ. ತಲೆಯಾಡಿಸಿದರು, ಅರ್ಥವಾಯಿತು ಅನ್ನಿಸುತ್ತದೆ.

ಆಮೇಲೆ ಅವರೇ ಕುಂಚ ಹಿಡಿದು ‘ಕ’ ಬರೆಯಲು ನಿಂತರು. ನಿಂತವರು ನಿಂತೇ ಇದ್ದರು. ನನ್ನತ್ತ ತಿರುಗಿ ಗಾಳಿಯಲ್ಲಿ ಬೆರಳಾಡಿಸಿ ಕೇಳಿದರು: ಎಲ್ಲಿಂದ ಶುರು? ಮೊದಲು ಯಾವ ಗೆರೆ, ಆಮೇಲೆ ಯಾವುದು? ಇವರಲ್ಲಿ ಅದು ದೊಡ್ಡ ಪ್ರಶ್ನೆ. ಗೆರೆಗಳ ಕ್ರಮ ತಪ್ಪಿದರೆ ಅಕ್ಷರ ಸರಿಯಾಗಿ ಬಂದರೂ ತಪ್ಪೇ. ನಲವತ್ತು ವರ್ಷದಿಂದ ಬರೆಯುತ್ತಿರುವ ಅಕ್ಷರ ಗೆಳೆಯಾ, ನಾನು ಯೋಚಿಸಬೇಕಾಯಿತು. ನನ್ನ ಕೈ ಹೊಟ್ಟೆಯ ಸುರುಳಿಯಿಂದ ಶುರುಮಾಡಿ ಕೊನೆಗೆ ತಲೆಕಟ್ಟು ಹಾಕುತ್ತದೆ. ಮೇಷ್ಟ್ರು ಹಾಗೆಯೇ ಕಲಿಸಿದ್ದರೋ, ನಾನೇ ಅಭ್ಯಾಸ ಮಾಡಿಕೊಂಡದ್ದೋ ತಿಳಿಯದು. ಹಾಗೆಯೇ ತೋರಿಸಿದೆ. ಅಜ್ಜ ಉಸಿರು ಹಿಡಿದು, ಕುಂಚ ಎತ್ತದೆ, ನಿಧಾನಕ್ಕೆ ಒಂದು ‘ಕ’ ಬರೆದರು. ನನ್ನದಕ್ಕಿಂತ ಚೆನ್ನಾಗಿತ್ತು. ಸುತ್ತ ನಿಂತಿದ್ದ ನಾಲ್ಕೈದು ಮಂದಿ ಚಪ್ಪಾಳೆ ತಟ್ಟಿದರು. ಚಳಿಗೆ ಅದು ಬೇಗ ಆರಲೂ ಇಲ್ಲ. ಅದರ ಫೋಟೋ ಕಳಿಸಿದ್ದೇನೆ, ನೋಡು.

ಈಗ ನನ್ನ ಕೋರಿಕೆ. ನಿನ್ನ ಅಪ್ಪ ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಅಕ್ಷರ ತಿದ್ದಿಸಿದವರು, ಅವರ ಕೈಬರಹ ನಮ್ಮೂರಿನಲ್ಲೇ ಹೆಸರುವಾಸಿ. ಒಂದು ಬಿಳಿಹಾಳೆಯಲ್ಲಿ ಅ ದಿಂದ ಳ ದವರೆಗೆ ದೊಡ್ಡದಾಗಿ ಬರೆದು, ಪ್ರತಿ ಅಕ್ಷರ ಎಲ್ಲಿ ಶುರುವಾಗಬೇಕೋ ಅಲ್ಲೊಂದು ಚುಕ್ಕೆ, ಕೈ ಯಾವ ಕಡೆ ತಿರುಗಬೇಕೋ ಅಲ್ಲೊಂದು ಬಾಣ ಹಾಕಿಕೊಡಲು ಹೇಳು. ಒತ್ತಕ್ಷರಗಳನ್ನೂ ಬಿಡಬೇಡ ಎನ್ನು. ಶನಿವಾರ ಸಂಜೆಯೊಳಗೆ ಫೋಟೋ ತೆಗೆದು ಕಳಿಸು, ಇಲ್ಲಿ ಪ್ರಿಂಟ್ ಹಾಕಿಸುತ್ತೇನೆ. ಭಾನುವಾರ ಬೆಳಗ್ಗೆ ಏಳಕ್ಕೆ ಆ ಅಜ್ಜ ಅದೇ ದಾರಿಯಲ್ಲಿ ಇರುತ್ತಾರೆ.

ನಿನ್ನ ಗೆಳೆಯ