ಹುಲ್ಲಿನ ಮೇಲಿಳಿದ ಹಾರುವ ದೋಣಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನೀನು ಕಳಿಸಿದ ಚಿತ್ರ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಹುಲ್ಲಿನ ಮೇಲೆ ಒಂದು ಬದಿಗೆ ವಾಲಿ ಕುಳಿತಿರುವ ಆ ಸಂಡರ್‌ಲೆಂಡ್ ವಿಮಾನವನ್ನು ನೋಡಿ, ಗಾಲಿಗಳೇ ಇಲ್ಲದ ಕಡಲವಿಮಾನ ನೆಲದ ಮೇಲೇಕೆ ಇಳಿಯಿತು ಎಂದು ನೀನು ಕೇಳಿದ್ದೆ. ಉತ್ತರ ಹೇಳಬೇಕಾದರೆ ಹಿಂದಿನ ದಿನ ನಡೆದ ಅಪಘಾತದಿಂದಲೇ ಆರಂಭಿಸಬೇಕು.

1943ರ ಮೇ 28. ಆಸ್ಟ್ರೇಲಿಯಾದ ವಾಯುಪಡೆಗೆ ಸೇರಿದ 461ನೇ ಸ್ಕ್ವಾಡ್ರನ್ ಆಗ ವೇಲ್ಸ್‌ನ ಪೆಂಬ್ರೋಕ್ ಡಾಕ್‌ನಲ್ಲಿ ನೆಲೆಸಿ, ಜರ್ಮನ್ ಜಲಾಂತರ್ಗಾಮಿಗಳನ್ನು ಹುಡುಕುತ್ತ ಅಟ್ಲಾಂಟಿಕ್ ಸಾಗರದ ಮೇಲೆ ಹಾರಾಡುತ್ತಿತ್ತು. ಬ್ರಿಟನ್ನಿನ ವಿಟ್ಲಿ ಬಾಂಬರ್ ಒಂದು ಕಡಲಿಗೆ ಬಿದ್ದು, ಅದರ ಆರು ಮಂದಿ ರಬ್ಬರ್ ದೋಣಿಯಲ್ಲಿ ತೇಲುತ್ತಿದ್ದರು. ಅವರನ್ನು ಎತ್ತಿಕೊಳ್ಳಲೆಂದು ಡಾಡ್ಸ್ ಎಂಬ ಕ್ಯಾಪ್ಟನ್ ತನ್ನ ಸಂಡರ್‌ಲೆಂಡನ್ನು ತೆರೆದ ಕಡಲಿನಲ್ಲಿ ಇಳಿಸಲು ಹೊರಟ.

ಯುದ್ಧಕಾಲದಲ್ಲಿ ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲೂ ರಿಪೇರಿಗೆಂದು ಬಂದ ಕ್ಯಾಟಲಿನಾ ಕಡಲವಿಮಾನಗಳು ಇಳಿಯುತ್ತಿದ್ದವಲ್ಲ, ಆ ಕೆರೆಯ ನೀರಿಗೂ ಅಟ್ಲಾಂಟಿಕ್‌ನ ನೀರಿಗೂ ಅಜಗಜಾಂತರ. ಕಡಲವಿಮಾನದ ತಳವನ್ನು ಬಂದರಿನ ಮರೆಯಲ್ಲಿರುವ ಶಾಂತ ನೀರಿಗಾಗಿ ರೂಪಿಸಿರುತ್ತಾರೆ. ನಡುಗಡಲಿನ ಉಬ್ಬುಗಳು ಮೇಲಿನಿಂದ ನೋಡುವಾಗ ಸಣ್ಣ ಸುಕ್ಕುಗಳಂತೆ ಕಾಣುತ್ತವೆ. ಆದರೆ ಒಂದು ಅಲೆಯ ನೆತ್ತಿಗೆ ತಳ ಬಡಿದರೆ ವಿಮಾನ ಮತ್ತೆ ಗಾಳಿಗೆ ಪುಟಿಯುತ್ತದೆ, ಹಾರುವಷ್ಟು ವೇಗ ಅಷ್ಟರಲ್ಲಿ ಉಳಿದಿರುವುದಿಲ್ಲ, ಮೂತಿ ಮುಂದಿನ ಅಲೆಯೊಳಕ್ಕೆ ನುಗ್ಗಿಬಿಡುತ್ತದೆ. ಡಾಡ್ಸ್‌ನ ವಿಮಾನ ಇಳಿಯುವಾಗಲೇ ಒಡೆದುಹೋಯಿತು. ಡಾಡ್ಸ್ ಸತ್ತ. ಉಳಿದ ಹತ್ತು ಮಂದಿ ಹೇಗೋ ಹೊರಬಂದು ತಮ್ಮದೇ ರಬ್ಬರ್ ದೋಣಿ ಹತ್ತಿದರು. ಕಾಪಾಡಲು ಬಂದವರೂ ಕಾಪಾಡಿಸಿಕೊಳ್ಳಬೇಕಾದವರೂ ಒಟ್ಟು ಹದಿನಾರು ಮಂದಿ ಆ ರಾತ್ರಿಯನ್ನು ನೀರಿನ ಮೇಲೆ ಕಳೆದರು.

ಮರುದಿನ ಅದೇ ಸ್ಕ್ವಾಡ್ರನ್ನಿನ ಗೋರ್ಡನ್ ಸಿಂಗಲ್ಟನ್ ಎಂಬ ಪೈಲಟ್ ಇನ್ನೊಂದು ಸಂಡರ್‌ಲೆಂಡಿನಲ್ಲಿ ಅವರಿದ್ದಲ್ಲಿಗೆ ಹಾರಿಬಂದ. ಎಲ್ಲರೂ ಕೊಂಡಾಡುವುದು ಆತ ಹುಲ್ಲಿನ ಮೇಲೆ ವಿಮಾನ ಇಳಿಸಿದ್ದನ್ನು. ನನ್ನ ಮನಸ್ಸು ಮಾತ್ರ ಅದಕ್ಕೆ ಮೊದಲಿನ ಈ ಗಳಿಗೆಯಲ್ಲಿಯೇ ನಿಂತುಬಿಡುತ್ತದೆ. ಹಿಂದಿನ ದಿನ ತನ್ನದೇ ಪಡೆಯ ಕ್ಯಾಪ್ಟನ್ ಯಾವ ಕಡಲಿಗೆ ಇಳಿಯಲು ಹೋಗಿ ಸತ್ತನೋ ಅದೇ ಕಡಲು ಕೆಳಗಿತ್ತು, ಬದುಕುಳಿದವರು ಕಣ್ಣೆದುರಿಗೇ ಇದ್ದರು. ಆತ ಇಳಿದ. ವಿಮಾನ ಉಳಿಯಿತು. ಹದಿನಾರು ಮಂದಿಯೂ ಒಳಗೆ ಬಂದರು.

ಆದರೆ ಅಷ್ಟು ಜನರ ಭಾರ ಹೊತ್ತು ಆ ಅಲೆಗಳಿಂದ ಮೇಲೇಳುವುದು ಸಾಧ್ಯವಿರಲಿಲ್ಲ. ಸ್ವತಂತ್ರ ಫ್ರೆಂಚ್ ನೌಕಾಪಡೆಯ ‘ಲಾ ಕೊಂಬತಾಂತ್’ ಎಂಬ ಡೆಸ್ಟ್ರಾಯರ್ ಹಡಗು ಬಂದು ಅವರನ್ನು ಹತ್ತಿಸಿಕೊಂಡಿತು. ವಿಮಾನವನ್ನೂ ಹಗ್ಗ ಕಟ್ಟಿ ಎಳೆದೊಯ್ಯಲು ನೋಡಿತು. ಕಡಲು ಕೆರಳಿ ಹಗ್ಗ ಹರಿಯಿತು. ಇನ್ನು ಹಾರುವುದೊಂದೇ ದಾರಿ. ಸಿಂಗಲ್ಟನ್ ಕೆಲವೇ ಸಂಗಡಿಗರೊಂದಿಗೆ ನಾಲ್ಕೂ ಎಂಜಿನ್‌ಗಳಿಗೆ ಪೂರ್ತಿ ಬಲ ಕೊಟ್ಟು ಅಲೆಯಿಂದ ಅಲೆಗೆ ಬಡಿಯುತ್ತ ಮೇಲೆದ್ದನಾದರೂ, ಆ ಬಡಿತಕ್ಕೆ ತಳದ ತಗಡು ಕಿತ್ತು, ಒಬ್ಬ ಮನುಷ್ಯ ಸಲೀಸಾಗಿ ನುಸುಳಬಹುದಾದಷ್ಟು ದೊಡ್ಡ ತೂತು ಬಿದ್ದಿತ್ತು.

ನಿನ್ನ ಪ್ರಶ್ನೆಗೆ ಉತ್ತರ ಆ ತೂತಿನಲ್ಲಿದೆ. ನೀರಿಗೆ ಇಳಿದಿದ್ದರೆ ವಿಮಾನ ಬಿಂದಿಗೆಯಂತೆ ತುಂಬಿಕೊಂಡು ಮುಳುಗುತ್ತಿತ್ತು. ದೋಣಿಯ ತಳವಿರುವ, ಸುಮಾರು 34 ಮೀಟರ್ ಅಗಲ ರೆಕ್ಕೆ ಚಾಚಿದ ಆ ವಿಮಾನವನ್ನು ಆತ ಪೆಂಬ್ರೋಕ್‌ಶೈರ್‌ನ ಆಂಗಲ್ ವಿಮಾನ ನಿಲ್ದಾಣಕ್ಕೆ ತಂದು, ಹುಲ್ಲಿನ ಮೇಲೆ ಮೆಲ್ಲನೆ ಇಳಿಸಿದ. ನೇಗಿಲಿನಂತೆ ನೆಲವನ್ನು ಗೀರುತ್ತ ಸಾಗಿದ ತಳ ಸ್ವಲ್ಪ ದೂರದಲ್ಲಿ ನಿಂತಿತು; ವಿಮಾನ ನಿಧಾನವಾಗಿ ಒಂದು ರೆಕ್ಕೆಯ ಮೇಲೆ ಒರಗಿತು. ಒಳಗಿದ್ದ ಯಾರಿಗೂ ಪೆಟ್ಟಾಗಲಿಲ್ಲ.

ಚಿತ್ರವನ್ನು ಇನ್ನೊಮ್ಮೆ ನೋಡು. ಆ ಖಾಲಿ ವಿಮಾನದಲ್ಲಿ ಒಂದಷ್ಟು ಹೊತ್ತು ಒದ್ದೆ ಬಟ್ಟೆಯ ಹದಿನಾರು ಮಂದಿ ಒತ್ತಾಗಿ ಕುಳಿತಿದ್ದರು. ಅವರಿಗೋಸ್ಕರ ಮೊದಲು ಇಳಿಯಲು ಹೋದವನು ಮಾತ್ರ ಅವರ ಜೊತೆಗಿರಲಿಲ್ಲ.

ಇತಿ,
ನಿನ್ನ ಗೆಳೆಯ