ಹುಲ್ಲುಗಾವಲು ಬಂಜರು ಭೂಮಿ ಅಲ್ಲ

ಮಾನ್ಯ ಸಂಪಾದಕರೇ,

ನಮ್ಮೂರ ಪಕ್ಕದ ಹುಲ್ಲುಗಾವಲನ್ನು ‘ಬಂಜರು’ ಅಂತ ಕರೆದು, ಸಾಲಾಗಿ ಗುಂಡಿ ತೋಡಿ ಸಸಿ ನೆಟ್ಟಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಜಾಗ ತಪ್ಪು. ಎಲ್ಲಿ ಏನು ಬೆಳೆಯಬೇಕು ಅನ್ನೋದನ್ನು ಮಳೆ, ಬಿಸಿಲು ತೀರ್ಮಾನಿಸುತ್ತವೆ ಅಲ್ವಾ? ವರ್ಷಕ್ಕೆ 2000 ಮಿ.ಮೀ. ಆಸುಪಾಸು ಮಳೆ ಬೀಳುವ ಅಮೆಜಾನ್‌ನಲ್ಲಿ ದಟ್ಟ ಕಾಡು, 250 ಮಿ.ಮೀ. ಕೂಡ ಬೀಳದ ಸಹಾರಾದಲ್ಲಿ ಮರಳು, ಕಲ್ಲು. ನಮ್ಮ ಕಡೆ ಮಳೆ ನಾಲ್ಕು ತಿಂಗಳು, ಆಮೇಲೆಲ್ಲ ಒಣ. ಅದಕ್ಕೇ ಚಿಂಚೋಳಿ ಕಾಡಿನ ತೇಗ ಎಲೆ ಉದುರಿಸಿ ನೀರು ಉಳಿಸಿಕೊಳ್ಳುತ್ತದೆ. ಬೀದರ್ ಸುತ್ತಲಿನ ಕೆಂಪು ಕಲ್ಲುನೆಲದಲ್ಲಿ ಹುಲ್ಲು ಮೇಲೆ ಪೂರ್ತಿ ಒಣಗಿ ಕಡ್ಡಿಯಾದರೂ ಬುಡದಲ್ಲಿ ಜೀವ ಹಿಡಿದಿರುತ್ತದೆ, ಮೇ ತಿಂಗಳಲ್ಲಿ ಒಂದು ಬುಡ ಬಗೆದು ನೋಡಿ, ಬೇರು ಮಣ್ಣನ್ನು ಮುಷ್ಟಿಯಂತೆ ಬಿಗಿಯಾಗಿ ಹಿಡಿದಿರುತ್ತದೆ. ಮೊದಲ ಮಳೆಗೆ ಮತ್ತೆ ಚಿಗುರು.

ಕೃಷ್ಣಮೃಗಕ್ಕೆ ಬೇಕಾದದ್ದು ಇದೇ ಬಯಲು. ಅಪಾಯವನ್ನು ದೂರದಿಂದಲೇ ಕಂಡು ಓಡುವ ಪ್ರಾಣಿ ಅದು. ದಟ್ಟ ಗಿಡಗಳ ನಡುವೆ ಎಲ್ಲಿ ಓಡಬೇಕು? ಕುರಿಗಾಹಿಗಳ ಮೇವೂ ಇಲ್ಲೇ ಇದೆ.

ಸಂಬಂಧಪಟ್ಟವರು ಸಸಿಗಳನ್ನು ರಸ್ತೆ ಬದಿಗೆ, ಶಾಲೆ ಅಂಗಳಕ್ಕೆ, ಹೊಲದ ಬದುವಿಗೆ ಕೊಡಲಿ. ಆ ಬಯಲನ್ನು ಹಾಗೇ ಬಿಡಲಿ.

– ಓದುಗ, ಬೀದರ್