ಮೆಟ್ಟುಗತ್ತಿಯ ಮುಂದೆ ಕುಳಿತು ಮಗಳಿಗೊಂದು ಪತ್ರ

ಪ್ರೀತಿಯ ಕೂಸೇ,

ಮೊನ್ನೆ ರಾತ್ರಿ ನಿನ್ನ ಫೋನ್ ಬಂದಾಗ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದೆ. “ಆಯಿ, ಧ್ಯಾನಕ್ಕೆ ಕುಳಿತರೆ ಎರಡೇ ನಿಮಿಷಕ್ಕೆ ಮನಸ್ಸು ಆಫೀಸಿಗೆ ಓಡುತ್ತದೆ, ಇದೆಲ್ಲ ನನ್ನಂಥವರಿಗಲ್ಲ” ಎಂದೆಯಲ್ಲ, ಫೋನ್ ಇಟ್ಟ ಮೇಲೂ ಅದನ್ನೇ ಮೆಲುಕು ಹಾಕುತ್ತಿದ್ದೆ. ಮೆಟ್ಟುಗತ್ತಿ ಹೆಬ್ಬೆರಳಿಗೆ ತಾಗಿತು. ಮೂವತ್ತು ವರ್ಷದಿಂದ ಸುಲಿಯುತ್ತಿರುವ ಕೈ ಇದು! ನಿನ್ನ ಅಪ್ಪ ಅರಿಶಿನ ಒತ್ತಿ ಬಟ್ಟೆ ಕಟ್ಟಿದರು. ಗಾಯ ದೊಡ್ಡದಲ್ಲ, ಗಾಬರಿಯಾಗಬೇಡ. ನಿನಗೆ ಉತ್ತರ ಹೊಳೆದದ್ದು ಮಾತ್ರ ಆ ಗಾಯದಿಂದ.

ಮದುವೆಯಾಗಿ ಈ ಮನೆಗೆ ಬಂದ ವರ್ಷ ನನಗೆ ಸುಲಿಯಲು ಬರುತ್ತಿರಲಿಲ್ಲ. ನಿನ್ನ ಅಜ್ಜಿ ಹತ್ತು ಸುಲಿಯುವಷ್ಟರಲ್ಲಿ ನನ್ನದು ಒಂದು, ಅದೂ ಉಸಿರು ಬಿಗಿ ಹಿಡಿದು. ಎರಡು ಕೊಯ್ಲು ಕಳೆಯುವಷ್ಟರಲ್ಲಿ ಕೈ ತಾನೇ ಕಲಿತುಕೊಂಡಿತು. ಜೊತೆಯಲ್ಲಿ ಕೆಲಸ ಮಾಡುವ ನರಕೋಶಗಳ ನಂಟು ಗಟ್ಟಿಯಾಗುತ್ತದೆ ಎಂದು ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ 1949ರಲ್ಲೇ ಬರೆದಿದ್ದರು. ನಾನೋ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ, ದೊಡ್ಡವರ ಮಿದುಳು ಬದಲಾಗುವುದಿಲ್ಲ ಎಂದು ಎಷ್ಟೋ ವರ್ಷ ಹೇಳಿಬಿಟ್ಟೆ. ಆ ಮಕ್ಕಳ ಕ್ಷಮೆ ಕೇಳಬೇಕು.

ಕೈ ಕಲಿತ ಮೇಲೆ ಮನಸ್ಸಿಗೆ ಬಿಡುವಾಯಿತು. ತಾಪತ್ರಯ ಶುರುವಾದದ್ದು ಅಲ್ಲಿಂದಲೇ. ಸುಮ್ಮನೆ ಕುಳಿತಾಗಲೂ ಮಿದುಳಿನ ಕೆಲವು ಭಾಗಗಳು ಸೇರಿಕೊಂಡು ದುಡಿಯುತ್ತಲೇ ಇರುತ್ತವೆ. 2001ರಲ್ಲಿ ಅಮೆರಿಕದ ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು ಇದನ್ನು ‘ಡಿಫಾಲ್ಟ್ ಮೋಡ್’ ಎಂದು ಕರೆದರು. ನಿನ್ನೆ ಯಾರು ಏನೆಂದರು, ನಾಳೆ ಏನಾದೀತು ಎಂಬ ಲೆಕ್ಕಾಚಾರವೆಲ್ಲ ಹೆಚ್ಚಾಗಿ ಅಲ್ಲಿಯದು. ಹಾರ್ವರ್ಡ್‌ನ ಇಬ್ಬರು ಸಂಶೋಧಕರು ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ದಿನದ ಯಾವುದೋ ಒಂದು ಹೊತ್ತಿನಲ್ಲಿ ಫೋನಿನ ಮೂಲಕ ಪ್ರಶ್ನೆ ಕಳಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಚ್ಚರವಿದ್ದ ಹೊತ್ತಿನಲ್ಲಿ ಸುಮಾರು ಶೇಕಡಾ 47ರಷ್ಟು ಸಲ ಜನರ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲಿಲ್ಲ. ಹಾಗಿದ್ದಾಗ ಸಂತೋಷವೂ ಕಡಿಮೆ. ನಿನ್ನ ಮನಸ್ಸೊಂದೇ ಓಡುಕುಳಿಯಲ್ಲ, ತಿಳಿಯಿತೇ?

ಓಡಿತು ಎಂದು ಗೊತ್ತಾಗುವ ಗಳಿಗೆ ಇದೆಯಲ್ಲ, ನೀನು ಸೋಲು ಎಂದುಕೊಂಡದ್ದು, ಅಭ್ಯಾಸ ಇರುವುದೇ ಅಲ್ಲಿ. ಗೌರಿಯ ಕರು ತೋಟಕ್ಕೆ ನುಗ್ಗಿದರೆ ನಾವೇನು ಮಾಡುತ್ತೇವೆ? ಕೂಗಾಡಿದರೆ ಇನ್ನಷ್ಟು ಒಳಗೆ ಓಡುತ್ತದೆ. ಸುಮ್ಮನೆ ಹೋಗಿ ಹಗ್ಗ ಹಿಡಿದು ತರಬೇಕು. ಹತ್ತು ನಿಮಿಷದಲ್ಲಿ ಮೂವತ್ತು ಸಲ ಹಿಡಿದು ತಂದರೆ ಮೂವತ್ತು ಸಲ ಕೆಲಸವಾದಂತೆ.

ಕೊಳೆರೋಗದಲ್ಲಿ ಅರ್ಧ ಫಸಲು ಉದುರಿದ ಮಳೆಗಾಲ ನಿನಗೆ ನೆನಪಿರಬೇಕು. ಎರಡು ಸಲ ಬೋರ್ಡೋ ದ್ರಾವಣದ ಔಷಧ ಹೊಡೆಸಿದರೂ ಮಳೆ ಬಿಡುವು ಕೊಡಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಎದೆ ಡವಡವ. ಅಪಾಯದ ಸುಳಿವು ಹಿಡಿಯುವ ಅಮಿಗ್ಡಲಾ ಎಂಬ ಪುಟ್ಟ ಭಾಗ ಮಿದುಳಿನಲ್ಲಿದೆ. ಗ್ರೀಕಿನಲ್ಲಿ ಬಾದಾಮಿ ಎಂದರ್ಥ. ನಮ್ಮ ಶಿರಸಿಯವರು ಹೆಸರಿಟ್ಟಿದ್ದರೆ ಅಡಿಕೆ ಎನ್ನುತ್ತಿದ್ದರು. ಹುಲಿಯನ್ನು ಕಂಡರೂ ಸಾಲದ ಕಂತು ನೆನಪಾದರೂ ಅದು ಎಬ್ಬಿಸುವ ಗದ್ದಲದಲ್ಲಿ ಹೆಚ್ಚು ಭೇದವಿಲ್ಲ. ಆ ಗದ್ದಲದ ನಡುವೆ ಬುದ್ಧಿಮಾತು ನಾಟುವುದಿಲ್ಲ, ಉಸಿರು ನಾಟುತ್ತದೆ. ಈಗಲೇ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನೋಡು. ಉಸಿರು ಎಳೆದುಕೊಂಡಾಗ ನಾಡಿ ತುಸು ಚುರುಕಾಗುತ್ತದೆ, ನಿಧಾನವಾಗಿ ಬಿಟ್ಟಾಗ ಮಂದವಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಕೆಲಸ ಅದು. ಅದಕ್ಕೇ ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದವಾಗಿರಲಿ ಎನ್ನುವುದು. ಆ ವರ್ಷ ಹಾಲು ಕರೆಯುವ ಮೊದಲು ದಿನಾ ಹತ್ತು ನಿಮಿಷ ಕುಳಿತೆ. ಸಾಲ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ದೀಪಾವಳಿಯ ಹೊತ್ತಿಗೆ ನಿದ್ದೆ ಮರಳಿ ಬಂತು.

ಎಂಟು ವಾರ ಧ್ಯಾನ ಮಾಡಿದರೆ ಮಿದುಳು ದಪ್ಪವಾಗುತ್ತದೆ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡ. 2011ರಲ್ಲಿ ಅಂಥದೊಂದು ಸಣ್ಣ ಅಧ್ಯಯನ ಬಂದಿತ್ತು. 2022ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ರಿಚರ್ಡ್ ಡೇವಿಡ್‌ಸನ್ ಅವರ ತಂಡವೇ, ಧ್ಯಾನದ ಸಂಶೋಧನೆಗೆ ಹೆಸರಾದ ತಂಡ ಅದು, ಇನ್ನೂರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ ರಚನೆಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ ಎಂದು ಬರೆಯಿತು. ನನಗೇನೂ ಬೇಸರವಾಗಲಿಲ್ಲ. ನಾನು ಕುಳಿತದ್ದು ನಿದ್ದೆಗಾಗಿ, ದಪ್ಪ ಮಿದುಳಿಗಲ್ಲ.

ಇನ್ನೊಂದು ಮಾತು. ಎರಡು ವಾರವಾದರೂ ಊಟ, ನಿದ್ದೆ ಸರಿಹೋಗದಿದ್ದರೆ ಕಣ್ಣು ಮುಚ್ಚಿ ಕುಳಿತೇ ಇರಬೇಡ. ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ಜ್ವರಕ್ಕೆ ಡಾಕ್ಟರ ಬಳಿ ಹೋಗುವ ಹಾಗೆ ಹೋಗು, ನಾನೂ ಜೊತೆಗೆ ಬರುತ್ತೇನೆ.

ಶನಿವಾರ ರಾತ್ರಿಯ ಬಸ್ಸಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ತೊಡದೇವು ಕಳಿಸುತ್ತಿದ್ದೇನೆ. ತೊಡದೇವನ್ನು ಕಂಪ್ಯೂಟರ್ ನೋಡುತ್ತ ತಿನ್ನಬೇಡ, ಮಡಿಕೆಯ ಬೆನ್ನಿನ ಮೇಲೆ ಒಂದೊಂದಾಗಿ ಹೊಯ್ದದ್ದು, ಅದೂ ಬಟ್ಟೆ ಕಟ್ಟಿದ ಬೆರಳಿನಲ್ಲಿ. ಮುರಿದಿದ್ದರೆ ಚೂರುಗಳನ್ನು ಹಾಲಿಗೆ ಹಾಕಿಕೋ.

ನಿನ್ನ ಆಯಿ